ಪೋರ್ಚುಗೀಸ್ ಚಿನ್ನದ ನಾಣ್ಯ ಕೊಳ್ಳುವುದು: ಜೇಬಿಗೆ ಕೈ ಹಾಕುವ ಮೊದಲು ತಕ್ಕಡಿ

ನನಗೆ ಬರುವ ಫೋಟೋಗಳು ಹೆಚ್ಚೂ ಕಡಿಮೆ ಒಂದೇ ಥರ. ಅಂಗೈ ಮೇಲೆ ಹಳದಿ ನಾಣ್ಯ, ಅದರಲ್ಲಿ ಗುಂಗುರು ಕೂದಲಿನ ರಾಜ, ಕೆಳಗೊಂದು ಪ್ರಶ್ನೆ: "ಸಾರ್, ಇದು ಒರಿಜಿನಲ್ಲಾ?" ತೂಕ ಎಷ್ಟು ಅಂತ ಕೇಳಿದರೆ ತೂಗಿಲ್ಲ ಅನ್ನುತ್ತಾರೆ. ದುಡ್ಡು ಆಗಲೇ ಕೊಟ್ಟಾಗಿರುತ್ತದೆ.

ತಪ್ಪಾಗುವುದು ಜ್ಞಾನದಲ್ಲಲ್ಲ, ಕೆಲಸದ ಸರದಿಯಲ್ಲಿ. ಕೊಂಡು ಆಮೇಲೆ ಓದುತ್ತಾರೆ, ಓದಿ ಆಮೇಲೆ ತೂಗುತ್ತಾರೆ. ಇದನ್ನು ತಿರುಗಿಸಿ ಹಾಕಬೇಕು. ಒಂದು ನಾಣ್ಯಕ್ಕೆ ಮೂರು ಸಾಕ್ಷಿಗಳಿವೆ: ತೂಕ, ಬರಹ, ಸವೆತ. ಮೂರೂ ಒಂದೇ ಕಥೆ ಹೇಳಬೇಕು. ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ ಎಳೆದರೆ ಆ ನಾಣ್ಯ ಬೇಡ.

## ಹಂತ 1: ಯಾವ ನಾಣ್ಯ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಶುರು ಮಾಡುವವರ ಕಣ್ಣು ಸೀದಾ ಹೋಗುವುದು ಪೋರ್ಚುಗಲ್ ರಾಜ ಮೊದಲನೇ ಮ್ಯಾನುಯೆಲ್ 1499ರಲ್ಲಿ ಹೊರಡಿಸಿದ ಪೋರ್ಚುಗೀಸ್ ಎಂಬ ಹೆಸರಿನ ದೊಡ್ಡ ನಾಣ್ಯದ ಮೇಲೆ. ಸುಮಾರು 35 ಗ್ರಾಂ, ಹತ್ತು ಕ್ರುಜಾದೊ (ಆಗಿನ ಪೋರ್ಚುಗೀಸ್ ಚಿನ್ನದ ನಾಣ್ಯ) ಬೆಲೆಯದು. ಅದನ್ನು ಸದ್ಯಕ್ಕೆ ಮರೆತುಬಿಡಿ. ಬೆಲೆ ಆಕಾಶದಲ್ಲಿದೆ. ಅಷ್ಟೇ ಅಲ್ಲ, ಹ್ಯಾಂಬರ್ಗ್ ಮತ್ತಿತರ ಉತ್ತರ ಯುರೋಪಿನ ಊರುಗಳು ಅದೇ ಮಾದರಿಯಲ್ಲಿ ತಮ್ಮದೇ ನಾಣ್ಯ ಅಚ್ಚು ಹಾಕಿದ್ದವು. ಶಿಲುಬೆ ಇದೆ, ತೂಕ ಇದೆ ಅಂದ ಮಾತ್ರಕ್ಕೆ ಅದು ಲಿಸ್ಬನ್ನಿನದು ಅಂತ ಆಗುವುದಿಲ್ಲ.

ನನ್ನ ಸಲಹೆ ಒಂದೇ. 18ನೇ ಶತಮಾನದಿಂದ ಶುರು ಮಾಡಿ, ಅದರಲ್ಲೂ ಐದನೇ ಜುವಾಂವ್ ರಾಜನ ಕಾಲದಿಂದ (1706ರಿಂದ 1750). ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕೇಳುವ ಜುವಾಂವ್ ಅನ್ನುವ ಹೆಸರೇ ಇದು. ಆಗ ಬ್ರೆಜಿಲ್ ಗಣಿಗಳ ಚಿನ್ನ ಹೊಳೆಯಂತೆ ಬರುತ್ತಿತ್ತು. ಹಾಗಾಗಿ ಈ ನಾಣ್ಯಗಳು ಇವತ್ತಿಗೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ಹೋಲಿಸಿ ನೋಡಲು ಫೋಟೋಗಳೂ ಬೇಕಾದಷ್ಟಿವೆ.

ಮುಖ್ಯವಾದದ್ದು 6400 ರೇಯ್ಸ್ ನಾಣ್ಯ. ರೇಯ್ಸ್ ಅಂದರೆ ಆಗಿನ ಪೋರ್ಚುಗೀಸ್ ಹಣದ ಲೆಕ್ಕ. ಪೋರ್ಚುಗೀಸರು ಅದನ್ನು ಪೆಸ ಅನ್ನುತ್ತಾರೆ. ತೂಕ 14.34 ಗ್ರಾಂ, ಅಡ್ಡಳತೆ ಸುಮಾರು 32 ಮಿ.ಮೀ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ, ಆದರೆ ತೂಕ ಹತ್ತಿರ ಹತ್ತಿರ ಎರಡರಷ್ಟು. ಚಿನ್ನ 22 ಕ್ಯಾರೆಟ್, ಅಂದರೆ ನಮ್ಮ ಒಡವೆ ಅಂಗಡಿಯ 916.

ಈ ಸಾಲಿನ ಉಳಿದ ನಾಣ್ಯಗಳನ್ನು ಉರು ಹೊಡೆಯುವುದೇ ಬೇಡ. ಒಂದರ ದುಪ್ಪಟ್ಟು ಇನ್ನೊಂದು:

- 800 ರೇಯ್ಸ್: 1.79 ಗ್ರಾಂ
- 1600 ರೇಯ್ಸ್ (ಒಂದು ಎಸ್ಕೂದೊ): 3.58 ಗ್ರಾಂ
- 3200 ರೇಯ್ಸ್: 7.17 ಗ್ರಾಂ
- 6400 ರೇಯ್ಸ್: 14.34 ಗ್ರಾಂ
- 12800 ರೇಯ್ಸ್: 28.68 ಗ್ರಾಂ

ಇವುಗಳ ಜೊತೆಗೆ ಶಿಲುಬೆಯ ಹಳೇ ಮಾದರಿಯ ನಾಣ್ಯಗಳೂ ಇವೆ. 4000 ರೇಯ್ಸ್ ಮೊಯೆದ 10.76 ಗ್ರಾಂ. 20000 ರೇಯ್ಸ್ ದೊಬ್ರಾಂವ್ 53.78 ಗ್ರಾಂ. ಎರಡನೆಯದನ್ನು ಯಾರಾದರೂ "ಕಮ್ಮಿಗೆ ಕೊಡ್ತೀನಿ" ಅಂದರೆ ನಕ್ಕು ಎದ್ದು ಬನ್ನಿ.

## ಹಂತ 2: ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅದನ್ನು ಸರಿ ನೋಡಲು ಒಂದು ತೂಕದ ಬಟ್ಟು. ವರ್ನಿಯರ್ ಕ್ಯಾಲಿಪರ್. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್. ಒಂದು ಗಾಜಿನ ಲೋಟ, ತೆಳು ನೈಲಾನ್ ದಾರ. ಟೇಬಲ್ ಮೇಲೆ ಹಾಸಲು ದಪ್ಪ ಬಟ್ಟೆ. 22 ಕ್ಯಾರೆಟ್ ಚಿನ್ನ ಕೈ ತಪ್ಪಿ ಗ್ರಾನೈಟ್ ನೆಲಕ್ಕೆ ಬಿದ್ದರೆ ಅಂಚು ಜಜ್ಜಿ ಹೋಗುತ್ತದೆ.

ಸಣ್ಣ ನಾಣ್ಯ ಕೊಳ್ಳುವವರಾದರೆ 0.001 ಗ್ರಾಂ ತಕ್ಕಡಿಯೇ ಬೇಕು. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಬೇಡದ ಸಾಮಾನು ಒಂದಿದೆ: ಒರೆಗಲ್ಲು. ಊರಿನ ಅಕ್ಕಸಾಲಿಗರ ಹತ್ತಿರ ತೋರಿಸಿಕೊಂಡು ಬರೋಣ ಅಂತ ಹೋಗುತ್ತೀರಿ. ಅವರು ಅಭ್ಯಾಸಬಲದಿಂದ ನಾಣ್ಯವನ್ನು ಕಲ್ಲಿಗೆ ಉಜ್ಜಿಬಿಡುತ್ತಾರೆ. ಚಿನ್ನ ಹೌದು ಅಂತ ಗೊತ್ತಾಗುತ್ತದೆ, ನಾಣ್ಯ ಹಾಳಾಗಿರುತ್ತದೆ. ಕೈಗೆ ಕೊಡುವ ಮೊದಲೇ "ಅಣ್ಣ, ಒರೆ ಹಚ್ಚಬೇಡಿ" ಅಂತ ಹೇಳಿ.

## ಹಂತ 3: ತೂಗಿ

ತಕ್ಕಡಿಯನ್ನು ಬಟ್ಟು ಇಟ್ಟು ಸರಿ ನೋಡಿ. ಫ್ಯಾನ್ ಆರಿಸಿ. ಮೂರು ಸಲ ತೂಗಿ, ಬರೆದುಕೊಳ್ಳಿ.

ಒಳ್ಳೆಯ ಪೆಸ 14.2 ರಿಂದ 14.4 ಗ್ರಾಂ ಒಳಗೆ ಬರುತ್ತದೆ. 14 ಗ್ರಾಂಗಿಂತ ಕೆಳಗಿಳಿದರೆ ಕಾರಣ ಕಾಣಿಸಬೇಕು: ರಾಜನ ಕೂದಲು ನುಣ್ಣಗಾಗಿರಬೇಕು, ಕಿರೀಟದ ಮುತ್ತುಗಳು ಅಳಿಸಿರಬೇಕು. 14.5 ದಾಟಿದರೆ ಇನ್ನೂ ಕೆಟ್ಟದ್ದು. ಸವೆದ ನಾಣ್ಯ ಹಗುರಾಗುತ್ತದೆಯೇ ಹೊರತು ಭಾರವಾಗುವುದಿಲ್ಲ.

ನಾನು ಮೊದಲು ಕೊಂಡ ಪೆಸ 13.92 ಗ್ರಾಂ ಇತ್ತು. "ಸವೆದಿದೆ ಸಾರ್, 280 ವರ್ಷ ಆಯ್ತಲ್ವಾ" ಅಂದರು ಮಾರಿದವರು. ನನಗೂ ಸರಿ ಅನ್ನಿಸಿತು. ಮನೆಗೆ ಬಂದು ಲೂಪ್ ಹಿಡಿದರೆ ಕೂದಲಿನ ಒಂದೊಂದು ಎಳೆಯೂ ಚೂಪಾಗಿತ್ತು. ಮುಖ ಸವೆಯದೆ 0.4 ಗ್ರಾಂ ಎಲ್ಲಿಗೆ ಹೋಯಿತು? ಅಂಚಿಗೆ. ಯಾರೋ ಅದನ್ನು ಪದಕ ಮಾಡಿದ್ದರು, ಆಮೇಲೆ ಕೊಂಡಿ ಕಿತ್ತು ಸುತ್ತಲೂ ಅರದಿಂದ ಉಜ್ಜಿ ಸಮ ಮಾಡಿದ್ದರು. ನಾಣ್ಯ ಅಸಲಿ, ಕೊಟ್ಟ ಬೆಲೆ ಮಾತ್ರ ಅಸಲಿ ಅಲ್ಲ.

ಮಾಮೂಲಿ ತಪ್ಪು: 4000 ರೇಯ್ಸ್ ಅಂತ ಬರೆದ ನಾಣ್ಯ 8.06 ಗ್ರಾಂ ತೂಗಿತು ಅಂತ ಗಾಬರಿಯಾಗುವುದು. 4000 ರೇಯ್ಸ್ ಎರಡು ಥರ. ಪೋರ್ಚುಗಲ್ ಲೆಕ್ಕದ್ದು 10.76 ಗ್ರಾಂ. ಬ್ರೆಜಿಲ್ ಒಳಗಿನ ಬಳಕೆಗೆ ಹಾಕಿದ್ದು 8.06 ಗ್ರಾಂ. ಶಿಲುಬೆ ಇರುವ ಮುಖದ ಬರಹ ನೋಡಿ. 'ಇನ್ ಹೋಕ್ ಸಿಗ್ನೊ ವಿನ್ಸೆಸ್' ಅಂತಿದ್ದರೆ ಭಾರದ್ದು. 'ಎತ್ ಬ್ರಸಿಲಿಯೆ ದೊಮಿನುಸ್' ಅಂತಿದ್ದು ಪಕ್ಕದಲ್ಲೇ ಇಸವಿ ಇದ್ದರೆ ಹಗುರದ್ದು. ಬರಹ ಒಂದು, ತೂಕ ಇನ್ನೊಂದು ಆದರೆ ಮಾತ್ರ ಗಾಬರಿಯಾಗಿ.

## ಹಂತ 4: ನೀರಿನಲ್ಲಿ ತೂಗಿ

ಇದನ್ನು ಬಿಡುವವರೇ ಜಾಸ್ತಿ. ಇರುವುದರಲ್ಲಿ ಅತ್ಯಂತ ಅಗ್ಗದ, ನಂಬಬಹುದಾದ ಪರೀಕ್ಷೆಯೂ ಇದೇ.

1. ಲೋಟಕ್ಕೆ ಮುಕ್ಕಾಲು ನೀರು ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಸೇರಿಸಿ, ಗುಳ್ಳೆ ಅಂಟಿಕೊಳ್ಳುವುದಿಲ್ಲ.
2. ಲೋಟವನ್ನು ತಕ್ಕಡಿ ಮೇಲಿಟ್ಟು ರೀಡಿಂಗನ್ನು ಸೊನ್ನೆ ಮಾಡಿ. ತಕ್ಕಡಿ ಅಷ್ಟು ಭಾರ ತಡೆಯುತ್ತದಾ ಅಂತ ಮೊದಲೇ ನೋಡಿ.
3. ನಾಣ್ಯವನ್ನು ದಾರದ ಕುಣಿಕೆಯಲ್ಲಿ ಹಿಡಿದು ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು.
4. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿ.

22 ಕ್ಯಾರೆಟ್ಟಿಗೆ ಉತ್ತರ 17.5 ರಿಂದ 17.8 ಸುಮಾರು ಬರಬೇಕು. 14.34 ಗ್ರಾಂ ಪೆಸ ಮುಳುಗಿದಾಗ ತಕ್ಕಡಿ 0.81 ಅಥವಾ 0.82 ತೋರಿಸುತ್ತದೆ. ಅಷ್ಟೇ ತೂಕದ 18 ಕ್ಯಾರೆಟ್ ನಕಲಿಯಾದರೆ 0.93 ಹತ್ತಿರ. ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದರೆ 1.37. ಹಿತ್ತಾಳೆಯಾದರೆ 1.7 ಹತ್ತಿರ. ರೀಡಿಂಗ್ 0.75 ಕಡೆಗೆ ಇಳಿದರೆ ಒಳಗೆ ಚಿನ್ನಕ್ಕಿಂತ ಕಡಿಮೆ ಬೆಲೆಯ ಭಾರದ ಲೋಹ ಇದೆ ಅಂತ ಅನುಮಾನಿಸಿ. ಟಂಗ್‌ಸ್ಟನ್ ಅಂಥದ್ದೇ.

ಈಗ 800 ರೇಯ್ಸ್ ನಾಣ್ಯ ತೆಗೆದುಕೊಳ್ಳಿ. 1.79 ಗ್ರಾಂ. ನೀರಿನ ರೀಡಿಂಗ್ 0.10. ತಕ್ಕಡಿ ಒಂದೇ ಒಂದು ಅಂಕಿ ಆಚೀಚೆಯಾದರೂ ಉತ್ತರ 16.3 ಆಗಬಹುದು, 19.9 ಕೂಡ ಆಗಬಹುದು. ಅಂದರೆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಅದಕ್ಕೇ 0.001 ತಕ್ಕಡಿ ಅಂದದ್ದು.

ದೊಡ್ಡ ಒಡವೆ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇರುತ್ತದೆ. ಕೇಳಿದರೆ ನೋಡಿ ಕೊಡುತ್ತಾರೆ, ನಾಣ್ಯಕ್ಕೆ ಗಾಯವೂ ಆಗುವುದಿಲ್ಲ. ಆದರೆ ಅದು ಮೇಲ್ಮೈ ಮಾತ್ರ ಓದುತ್ತದೆ. ಲೇಪ ದಪ್ಪಗಿದ್ದರೆ ಅದಕ್ಕೂ ಮೋಸ. ನೀರಿನ ಲೆಕ್ಕ ಹೊಟ್ಟೆಯೊಳಗಿನದನ್ನೂ ಸೇರಿಸಿ ಹೇಳುತ್ತದೆ. ಎರಡೂ ಮಾಡಿ.

## ಹಂತ 5: ಬರಹ ಓದಿ

ಪೆಸದ ಒಂದು ಮುಖದಲ್ಲಿ ರಾಜನ ತಲೆ, ಸುತ್ತ ಹೆಸರು. ಇನ್ನೊಂದರಲ್ಲಿ ಕಿರೀಟದ ಕೆಳಗೆ ರಾಜಲಾಂಛನ. ಇಸವಿ ತಲೆಯ ಕೆಳಗಿರುತ್ತದೆ. ಅದರ ಪಕ್ಕದ ಅಕ್ಷರ ಟಂಕಸಾಲೆಯ ಗುರುತು. 'ಆರ್' ಅಂದರೆ ರಿಯೊ, 'ಬಿ' ಅಂದರೆ ಬಾಹಿಯ, 'ಎಂ' ಅಂದರೆ ಮಿನಾಸ್, ಮೂರೂ ಬ್ರೆಜಿಲ್‌ನವು. ಲಿಸ್ಬನ್ನಿನದಕ್ಕೆ ಸಾಮಾನ್ಯವಾಗಿ ಅಕ್ಷರವೇ ಇರುವುದಿಲ್ಲ. ಶಿಲುಬೆಯ ಹಳೇ ಮಾದರಿಯಲ್ಲಾದರೆ ಈ ಅಕ್ಷರ ಶಿಲುಬೆಯ ನಾಲ್ಕು ಮೂಲೆಗಳಲ್ಲೂ ಬರುತ್ತದೆ.

ಜುವಾಂವ್ ಹೆಸರು ನಾಣ್ಯದ ಮೇಲೆ ಲ್ಯಾಟಿನ್‌ನಲ್ಲಿ 'ಇಯೊಆನ್ನೆಸ್'. ಮೊದಲ ಅಕ್ಷರ ನೆಟ್ಟಗಿನ ಗೀಟು, 'ಐ'. ಇದನ್ನು ಸಂಖ್ಯೆ ಒಂದು ಅಂತ ಓದಿ ತಲೆ ಕೆಡಿಸಿಕೊಂಡವರಿದ್ದಾರೆ.

ಆಮೇಲೆ ರಾಜ ಮತ್ತು ಇಸವಿ ಹೊಂದುತ್ತವಾ ನೋಡಿ. 1750ರವರೆಗೆ ಐದನೇ ಜುವಾಂವ್. ಅಲ್ಲಿಂದ 1777ರವರೆಗೆ ಮೊದಲನೇ ಜುಜೆ. 1777ರಿಂದ 1786ರವರೆಗೆ ರಾಣಿ ಮರಿಯ ಮತ್ತು ಮೂರನೇ ಪೆದ್ರು, ಇಬ್ಬರ ತಲೆಗಳೂ ಒಂದರ ಹಿಂದೊಂದು. ಗಂಡ ತೀರಿಕೊಂಡ ಮೇಲೆ ಮರಿಯ ಒಬ್ಬಳೇ, ಮೊದಲ ಕೆಲವು ವರ್ಷ ವಿಧವೆಯ ಸೆರಗು ಹೊದ್ದ ಚಿತ್ರ. ನಂತರದ ನಾಣ್ಯಗಳಲ್ಲಿ ಸೆರಗು ಹೋಗಿ ಅಲಂಕಾರದ ತಲೆಗೂದಲು ಬರುತ್ತದೆ. 19ನೇ ಶತಮಾನದ ಆರಂಭದಲ್ಲಿ ಮತ್ತೆ ಜುವಾಂವ್ ಹೆಸರು ಕಾಣುತ್ತದೆ. ಅವನು ಬೇರೆ ಜುವಾಂವ್, ತಾಯಿಯ ಪರವಾಗಿ ಆಳುತ್ತಿದ್ದ ಯುವರಾಜ. ಅವನ ಬರಹದಲ್ಲಿ 'ರೆಜೆನ್ಸ್' ಅಂತಿರುತ್ತದೆ. 1807ರ ನಾಣ್ಯವನ್ನು "ಐದನೇ ಜುವಾಂವ್" ಅಂತ ಮಾರುವವರು ಬಹಳ. ಎಲ್ಲರೂ ಮೋಸಗಾರರಲ್ಲ, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಎಚ್ಚರಿಕೆ: ಮಿನಾಸ್ ಟಂಕಸಾಲೆ ವಿಲ ರಿಕದಲ್ಲಿತ್ತು. 1724ರ ಸುಮಾರಿಗೆ ಶುರುವಾಗಿ 1730ರ ದಶಕದ ನಡುವೆ ನಿಂತುಹೋಯಿತು. ಅದರ ನಾಣ್ಯಗಳು ಅಪರೂಪ, ಬೆಲೆಯೂ ಜಾಸ್ತಿ. ಹಾಗಾಗಿ 'ಎಂ' ಅಕ್ಷರ ಸೇರಿಸುವ ಕೈಚಳಕ ನಡೆಯುತ್ತದೆ. 'ಎಂ' ಇದ್ದು ಇಸವಿ 1745 ಆಗಿದ್ದರೆ ಮುಂದೆ ನೋಡುವುದೇ ಬೇಡ. ಇಸವಿ ಸರಿಯಿದ್ದರೂ ಆ ಅಕ್ಷರದ ಬುಡದಲ್ಲಿ ಲೂಪ್ ಹಿಡಿಯಿರಿ. ಅಚ್ಚಿನಿಂದ ಎದ್ದ ಅಕ್ಷರ ನೆಲದಿಂದ ಬೆಳೆದಂತಿರುತ್ತದೆ. ಅಂಟಿಸಿದ್ದಕ್ಕೆ ಬುಡದಲ್ಲಿ ಸಣ್ಣ ಗೆರೆ ಇರುತ್ತದೆ.

## ಹಂತ 6: ಅಂಚು ನೋಡಿ

ನಮ್ಮಲ್ಲಿ ಚಿನ್ನದ ನಾಣ್ಯ ಅಂದರೆ ಕಾಸಿನ ಸರ, ಪುತಳಿ ಸರ. ಕೈಗೆ ಬಂದದ್ದನ್ನು ಕೊರಳಿಗೆ ಹಾಕುವುದು ನಮ್ಮ ಅಭ್ಯಾಸ. ಅಭ್ಯಾಸ ನಮ್ಮೊಬ್ಬರದ್ದೇ ಅಲ್ಲ, ಯುರೋಪಿನಲ್ಲೂ ಉಂಗುರಕ್ಕೆ, ಪದಕಕ್ಕೆ ಕೂಡಿಸಿದ್ದಾರೆ.

ನಾಣ್ಯವನ್ನು ಗಡಿಯಾರದ ಮುಖ ಅಂದುಕೊಂಡು ಅಂಚನ್ನು ನಿಧಾನವಾಗಿ ತಿರುಗಿಸಿ. ಹನ್ನೆರಡು ಗಂಟೆಯ ಜಾಗದಲ್ಲಿ, ರಾಜನ ತಲೆಯ ನೇರಕ್ಕೆ, ಹೆಚ್ಚು ಹೊತ್ತು ನಿಲ್ಲಿ. ಕೊಂಡಿ ಬೆಸೆಯುವುದು ಅಲ್ಲೇ. ಬಣ್ಣ ಕೊಂಚ ಬೇರೆಯಾಗಿದೆಯಾ? ಅಂಚಿನ ಅಲಂಕಾರ ಅಲ್ಲಿ ಮಾತ್ರ ಕರಗಿದಂತಿದೆಯಾ? ಪಕ್ಕದ ಅಕ್ಷರಗಳು ನುಣ್ಣಗಾಗಿವೆಯಾ? ಒಂದು 'ಹೌದು' ಸಾಕು. ತೂತು ತುಂಬಿ ಮುಚ್ಚಿದ್ದನ್ನು ಹುಡುಕಲು ನಾಣ್ಯವನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ, ಮುಚ್ಚಿದ ಜಾಗ ಬೇರೆ ಥರ ಹೊಳೆಯುತ್ತದೆ.

ಪದಕವಾಗಿದ್ದ ನಾಣ್ಯ ಕೊಳ್ಳಬಾರದು ಅಂತಲ್ಲ. ಚಿನ್ನದ ಬೆಲೆಗೆ ಹತ್ತಿರ ಸಿಕ್ಕರೆ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ನನ್ನ 13.92 ಗ್ರಾಂ ಪೆಸ ಇನ್ನೂ ನನ್ನ ಹತ್ತಿರವೇ ಇದೆ, ಹೊಸಬರಿಗೆ ತೋರಿಸಲು.

ಇನ್ನೊಂದು ಜಾತಿ ಇದೆ. ವೆಸ್ಟ್ ಇಂಡೀಸ್ ಮತ್ತು ಅಮೆರಿಕದಲ್ಲಿ ಈ ಪೆಸಗಳು ಓಡಾಡುತ್ತಿದ್ದಾಗ ಕತ್ತರಿಸಿ, ಚಿನ್ನದ ಬಿರಡೆ ಸೇರಿಸಿ, ಅಕ್ಕಸಾಲಿಗರ ಮುದ್ರೆ ಒತ್ತಿ ತೂಕ ಸರಿಮಾಡುತ್ತಿದ್ದರು. ಅಸಲಿ ಮುದ್ರೆಗೆ ವಿಪರೀತ ಬೆಲೆ, ಅದಕ್ಕೇ ನಕಲಿ ಮುದ್ರೆಯೂ ಬಹಳ. ಮೊದಲ ಐದು ವರ್ಷ ಆ ಕಡೆ ತಲೆ ಹಾಕಬೇಡಿ.

## ಹಂತ 7: ನಕಲಿಯ ಕುರುಹುಗಳು

ಎರಕ ಹೊಯ್ದ ನಕಲಿಯಲ್ಲಿ ಬಯಲು ಜಾಗದ ಮೇಲೆ ಸಣ್ಣ ಗುಳ್ಳೆ, ಸಣ್ಣ ಗುಳಿ ಕಾಣುತ್ತವೆ. ಅಕ್ಷರದ ಮೂಲೆಗಳು ಸಾಬೂನಿನಂತೆ ದುಂಡಗಿರುತ್ತವೆ. ಅಂಚಿನ ನಡುವೆ ಜೋಡಣೆಯ ಗೆರೆ ಇರಬಹುದು.

ಅಚ್ಚಿನಿಂದ ಒತ್ತಿದ ಹೊಸ ನಕಲಿ ಇದಕ್ಕಿಂತ ಕಷ್ಟ. ಅವರು ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆಯುತ್ತಾರೆ. ಆ ನಾಣ್ಯದ ಕೆನ್ನೆ ಮೇಲೆ ಒಂದು ಗೀರು ಇದ್ದರೆ ಎಲ್ಲ ನಕಲಿಗಳಿಗೂ ಅದೇ ಗೀರು ಬರುತ್ತದೆ. ಹಾಗಾಗಿ ಕೊಳ್ಳುವ ಮೊದಲು ಅದೇ ಇಸವಿಯ, ಅದೇ ಟಂಕಸಾಲೆಯ ಹತ್ತು ಹರಾಜು ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿ. ಅಚ್ಚಿನ ಬಿರುಕು ಎರಡು ನಾಣ್ಯಗಳಲ್ಲಿ ಒಂದೇ ಇರಬಹುದು, ಅದು ಸಹಜ. ಆದರೆ ಜೇಬಿನಲ್ಲಿ ಉಜ್ಜಿ ಆದ ಗೀರು, ಬಿದ್ದು ಆದ ತಗ್ಗು ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಇರಲು ಸಾಧ್ಯವೇ ಇಲ್ಲ.

ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ನೆಮ್ಮದಿ, ನಿಜ. ಆದರೆ ಡಬ್ಬಿಯೂ ನಕಲಿಯಾಗುತ್ತದೆ. ಅದರ ಮೇಲಿನ ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಫೋಟೋ ಬಂದರೆ ಗೀರು ಗೀರು ಹೋಲಿಸಿ.

## ಹಂತ 8: ಬೆಲೆ ಲೆಕ್ಕ, ಮಾರುವವರು

ಮೊದಲು ತಳ ಹಾಕಿಕೊಳ್ಳಿ. 14.34 ಗ್ರಾಂ ಪೆಸದಲ್ಲಿ ಸುಮಾರು 13.15 ಗ್ರಾಂ ಅಪ್ಪಟ ಚಿನ್ನ. ಅವತ್ತಿನ 24 ಕ್ಯಾರೆಟ್ ದರಕ್ಕೆ ಗುಣಿಸಿ. ಅದರ ಮೇಲೆ ಕೊಡುವುದೆಲ್ಲ ನಾಣ್ಯದ ಹಳಮೆಗೆ, ಅಂದಕ್ಕೆ. ತಳಕ್ಕಿಂತ ಕಡಿಮೆಗೆ ಯಾರಾದರೂ ಕೊಡುತ್ತೇನೆ ಅಂದರೆ ಖುಷಿ ಪಡಬೇಡಿ. ಚಿನ್ನದ ಬೆಲೆ ಅವರಿಗೂ ಗೊತ್ತಿರುತ್ತದೆ ಅಲ್ವಾ?

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಹಲವು ಕಡೆ ಶೇ. 20ರ ಹತ್ತಿರ ಕಮಿಷನ್, ಅದರ ಮೇಲೆ ತೆರಿಗೆ, ಸಾಗಣೆ. ಹೊರದೇಶದಿಂದ ತರಿಸುವುದಾದರೆ ಬಿಡ್ ಹಾಕುವ ಮೊದಲೇ ಕಸ್ಟಮ್ಸ್ ಏಜೆಂಟ್ ಹತ್ತಿರ ಮಾತಾಡಿ, ಗೆದ್ದ ಮೇಲಲ್ಲ.

"ಪಾಯ ತೆಗೆಯುವಾಗ ಕುಡಿಕೆ ಸಿಕ್ತು, ಯಾರಿಗೂ ಹೇಳಬೇಡಿ" ಅನ್ನುವ ಫೋನ್ ಬಂದರೆ ಕಟ್ ಮಾಡಿ. ನಮ್ಮ ರಾಜ್ಯದಲ್ಲಿ ಈ ಮೋಸ ಎಷ್ಟು ಸಲ ಪೇಪರಿನಲ್ಲಿ ಬಂದಿಲ್ಲ! ಪರೀಕ್ಷೆಗೆ ಅಂತ ಒಂದೆರಡು ಅಸಲಿ ಕೊಡುತ್ತಾರೆ, ದುಡ್ಡು ತಂದ ದಿನ ಚೀಲದ ತುಂಬ ಹಿತ್ತಾಳೆ.

## ಹಂತ 9: ಕಾಗದಪತ್ರ

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಅದನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ದುಬೈ, ಅಮೆರಿಕದಲ್ಲಿರುವವರು ರಜೆಗೆ ಬಂದಾಗ ಬೆಂಗಳೂರಿನಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆ ಬಿಡಿ. ಹೊರಗಿನಿಂದ ತಂದಿದ್ದಾದರೆ ತಂದ ದಾಖಲೆಯನ್ನು ಜೋಪಾನ ಮಾಡಿ. ನೆಲದಲ್ಲಿ ಸಿಕ್ಕಿದ್ದಕ್ಕೆ ನಿಧಿ ಕಾಯ್ದೆ ಇದೆ. ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಬಿಲ್ಲಿನಲ್ಲಿ ರಾಜನ ಹೆಸರು, ಮುಖಬೆಲೆ, ಇಸವಿ, ಟಂಕಸಾಲೆ, ತೂಕ ಬರೆಸಿ. ಸುಮ್ನೆ "ಹಳೇ ಚಿನ್ನದ ನಾಣ್ಯ 1" ಅಂತ ಬರೆದ ಬಿಲ್ಲು ಪುಡಿಕೆ ಕಟ್ಟಲು ಮಾತ್ರ ಸರಿ. ನಕಲಿ ಎಂದು ತಿಳಿದರೆ ಎಷ್ಟು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತಾರೆ ಅನ್ನುವುದೂ ಅದರಲ್ಲೇ ಇರಲಿ.

## ಹಂತ 10: ಮನೆಗೆ ಬಂದ ಮೇಲೆ

ತೊಳೆಯಬೇಡಿ. ಹುಣಸೆಹಣ್ಣು, ಅಂಟುವಾಳಕಾಯಿ, ಟೂತ್‌ಪೇಸ್ಟ್, ಒಡವೆ ಅಂಗಡಿಯ ಪಾಲಿಶ್, ಯಾವುದೂ ಬೇಡ. ಸರ ತೊಳೆದ ಹಾಗೆ ತೊಳೆದರೆ ಅಕ್ಷರಗಳ ಸಂದಿಯಲ್ಲಿ ನೂರಾರು ವರ್ಷ ಕೂತ ಕೆಂಪು ಛಾಯೆ ಹೋಗುತ್ತದೆ, ಬಯಲಲ್ಲಿ ಕೂದಲೆಳೆಯಂಥ ಗೀರು ಬೀಳುತ್ತವೆ. ಗ್ರೇಡಿಂಗ್ ಸಂಸ್ಥೆಗಳು ಅಂಥ ನಾಣ್ಯಕ್ಕೆ ಅಂಕಿಯ ಗ್ರೇಡನ್ನೇ ಕೊಡದೆ "ತೊಳೆದದ್ದು" ಅಂತ ಬರೆದು ಕಳಿಸುತ್ತವೆ. ಮನೆಯಲ್ಲಿ ದೊಡ್ಡವರಿದ್ದರೆ ಅವರಿಗೂ ಮೊದಲೇ ಹೇಳಿಡಿ. ಹಬ್ಬದ ಮುಂಚೆ ಬೆಳ್ಳಿ ಸಾಮಾನಿನ ಜೊತೆ ಇದೂ ಹೋದೀತು.

ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ. ಪಿವಿಸಿ ಇಲ್ಲದ ಕವರ್ ಅಥವಾ ಗಟ್ಟಿ ಗುಂಡು ಡಬ್ಬಿಯಲ್ಲಿಡಿ. ರಟ್ಟಿನ ಫ್ಲಿಪ್‌ಗೆ ಸ್ಟೇಪ್ಲರ್ ಹೊಡೆದಿದ್ದರೆ, ನಾಣ್ಯ ತೆಗೆಯುವ ಮೊದಲು ಪಿನ್ ಕಿತ್ತುಬಿಡಿ. ರಾಜನ ಮೂಗಿನ ಮೇಲೆ ಪಿನ್ ಗೀರಿದ ಪೆಸ ನಾನೇ ನೋಡಿದ್ದೇನೆ.

ಬ್ಯಾಂಕ್ ಲಾಕರ್ ಒಳ್ಳೆಯದೇ. ಆದರೆ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸದಿಂದ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 3000 ಇದ್ದರೆ ಮೂರು ಲಕ್ಷ, ಅಷ್ಟೇ. ನಿಮ್ಮ ನಾಣ್ಯಗಳ ಬೆಲೆ ಅದನ್ನು ದಾಟಿದರೆ ವಿಮೆ ಬೇರೆ ಮಾಡಿಸಿ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ. ನನ್ನ ಎರಡನೇ ಪೆಸದ್ದು ಹೀಗಿದೆ: "6400 ರೇಯ್ಸ್, ಐದನೇ ಜುವಾಂವ್, 1738, ಆರ್. 14.31 ಗ್ರಾಂ. ನೀರು 0.81. ಗಲ್ಲದ ಕೆಳಗೆ ಗೀರು, ಎಡಕ್ಕೆ ಓರೆ." ಎರಡೂ ಮುಖದ, ಅಂಚಿನ ಫೋಟೋ ಜೊತೆಗೆ. ಈ ಚೀಟಿಗಳನ್ನು ನಾಣ್ಯದ ಜೊತೆ ಲಾಕರಿನಲ್ಲೇ ಇಡಬೇಡಿ. ನಾಣ್ಯ ಕಳೆದ ದಿನ ಪೊಲೀಸರಿಗೂ ವಿಮೆಯವರಿಗೂ ತೋರಿಸಬೇಕಾದದ್ದು ಇವೇ.